ಅಂಬಿಗನ ಜಾಕೆಟ್ ಬಿಚ್ಚಿಸಿದ ಅಣ್ಣೋರು

ಅರಕಲಗೂಡಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಹಿಂದೆ ಹೇಮಾವತಿಯ ಹಿನ್ನೀರು. ಮುಂದೆ, ದೋಣಿಯ ಅಂಚಿನ ಮೇಲೆ ಒಂದು ಕಾಲೂರಿ ನಿಂತ ಆತ. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಜೋಡಿಸಿದ ಕೈ, ಬಾಯ್ತುಂಬ ನಗು. ಮೇಲೆ ದೊಡ್ಡಕ್ಷರದಲ್ಲಿ ‘ಮತ್ತೆ ಹುಟ್ಟಿ ಬನ್ನಿ ಅಣ್ಣಾ’. ದೇವರೇ, ಬೇಡಪ್ಪಾ, ಒಂದು ಸಲ ಬಂದದ್ದೇ ಸಾಕು ಅಂದುಕೊಂಡೆ. ಜೋರಾಗಿಯೇ ಅಂದಿರಬೇಕು, ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ನನ್ನನ್ನು ತಿರುಗಿ ನೋಡಿದಳು.

ಅವತ್ತು ಸಂಜೆಯೇ ಆತನ ಕಡೆಯವರ ಫೋನು ಬಂತು. ಹಿನ್ನೀರಿನ ಬೋಟಿಂಗ್ ಜಾಗದಲ್ಲೇ ನುಡಿನಮನ ಇಟ್ಟುಕೊಂಡಿದ್ದಾರಂತೆ. ‘ಮೇಡಂ, ನೀವೂ ಅಣ್ಣೋರನ್ನ ಚೆನ್ನಾಗಿ ಬಲ್ಲೋರು. ಎರಡು ಒಳ್ಳೇ ಮಾತಾಡ್ಬೇಕು’ ಅಂದರು. ಒಳ್ಳೆಯ ಮಾತಿಗೇನು, ಬೇಕಾದಷ್ಟಿವೆ. ತೊಂದರೆ ಏನೆಂದರೆ ಅವನ್ನಾಡಿದರೆ ಜೊತೆಗೆ ಇನ್ನೊಂದು ಮಾತನ್ನೂ ಆಡಬೇಕಾಗುತ್ತದೆ. ಅದನ್ನು ಕೇಳುವುದಕ್ಕೆ ಯಾರೂ ಶಾಮಿಯಾನ ಹಾಕಿಸುವುದಿಲ್ಲ. ಆದರೂ ಬರುತ್ತೇನೆ ಅಂದೆ. ಅಲ್ಲಿ ಆಡಲು ಬಿಡದೇ ಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಹೇಳಿದರೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಕಡೆಯಿಂದ ಜನ ನನ್ನ ಮನೆ ಬಾಗಿಲಿಗೆ ಜಗಳಕ್ಕೆ ಬರುತ್ತಾರೆ. ಅಷ್ಟು ಪ್ರೀತಿ ಸಂಪಾದಿಸಿದ್ದ ಮನುಷ್ಯ. ಎಲ್ಲರಿಗೂ ಆತ ಅಣ್ಣೋರು. ಹಿನ್ನೀರಿನ ದಡದಲ್ಲಿ ದೋಣಿ ಬಾಡಿಗೆಗೆ ಬಿಡುವ ಗುತ್ತಿಗೆ ಆತನದು. ನಾನು ಆ ಸೀಮೆಯ ಒಂದು ಹೈಸ್ಕೂಲಿನಲ್ಲಿ ಪೀಟಿ ಮಿಸ್ ಆಗಿದ್ದವಳು, ಈಗ ನಿವೃತ್ತಿಯಾಗಿ ಹಾಸನದಲ್ಲಿದ್ದೇನೆ. ವರ್ಷಕ್ಕೊಮ್ಮೆ ಹೆಣ್ಣುಮಕ್ಕಳನ್ನು ಕರೆದುಕೊಂಡು ದೋಣಿ ವಿಹಾರಕ್ಕೆ ಹೋಗುತ್ತಿದ್ದೆ. ಪರಿಚಯವಾದದ್ದು ಹಾಗೆ.

ಮೊದಲ ಸಲ ಹೋದಾಗ ದೋಣಿಯ ಹಲಗೆಗಳ ಮೇಲೆ ಕಿತ್ತಳೆ ಬಣ್ಣದ ಮೆತ್ತೆಗಳನ್ನು ಹಾಸಿದ್ದರು. ಪರವಾಗಿಲ್ಲವೇ, ಮಕ್ಕಳಿಗೆ ಹಲಗೆ ಒತ್ತದ ಹಾಗೆ ಮಾಡಿದ್ದಾರೆ ಅಂದುಕೊಂಡು ಒಂದನ್ನು ಎತ್ತಿ ನೋಡಿದರೆ ಅದು ಲೈಫ್ ಜಾಕೆಟ್ಟು. ಜನ ಕೂತು ಕೂತು ಒಳಗಿನ ಸ್ಪಂಜು ಅಕ್ಕಿ ರೊಟ್ಟಿಯಷ್ಟು ತೆಳ್ಳಗಾಗಿತ್ತು. ಬಕಲು ಮುರಿದ ಕಡೆ ಗೋಣಿದಾರ. ಬೆವರು, ಮೀನಿನ ಲೋಳೆ, ಎಲೆ ಅಡಿಕೆಯ ಕಲೆ, ಯಾವುದೋ ಮಗುವಿನ ವಾಂತಿ, ಎಲ್ಲ ಸೇರಿ ಒಣಗಿದ ವಾಸನೆ. ‘ಇದನ್ನ ನಮ್ಮ ಮಕ್ಕಳಿಗೆ ಹಾಕ್ತೀರಾ?’ ಅಂತ ಕೇಳಿದೆ.

‘ಅಯ್ಯಯ್ಯೋ, ಅದ್ಯಾಕ್ ಮುಟ್ಟಾಕೋದ್ರಿ ಮೇಡಮ್ಮಾರೇ! ಅದು ಕೂರಾಕೆ’ ಅನ್ನುತ್ತ ಬಂದ ಆತ. ‘ಆಕ್ಕಳಾದು ಬ್ಯಾರೆ ಮಡಗಿವ್ನಿ, ಬನ್ನಿ.’

ಆಫೀಸು ಅಂತ ಕರೆಯುವ ತಗಡಿನ ಶೆಡ್ಡಿನಲ್ಲಿ ಒಂದು ಕಬ್ಬಿಣದ ಬೀರು. ತೆಗೆದರೆ ಒಳಗೆ ಥಳಥಳ ಹೊಸ ಜಾಕೆಟ್ಟುಗಳು. ಒಂದೊಂದಕ್ಕೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರು ಹಾಗೇ ಇತ್ತು, ಕವರಿನ ಮೇಲೆ ಕುಂಕುಮದ ಬೊಟ್ಟು. ಪ್ರತಿ ಆಯುಧಪೂಜೆಗೂ ಅವನ್ನು ಸಾಲಾಗಿ ಜೋಡಿಸಿ, ಹೂವೇರಿಸಿ, ಬೂದುಗುಂಬಳ ಒಡೆಸುತ್ತಿದ್ದನಂತೆ. ಸರ್ಕಾರ ಹೇಳಿದ ಗುಣಮಟ್ಟದ್ದೇ, ಕಂಪನಿಯ ಮುದ್ರೆ ಇದ್ದದ್ದೇ, ಒಂದಕ್ಕೂ ಕೊರತೆಯಿಲ್ಲ. ‘ಮೇಡಮ್ಮಾರು ಕೇಳಿದ್ಮ್ಯಾಕೆ ಇಲ್ಲ ಅನ್ನಾಕಾಯ್ತದಾ’ ಅನ್ನುತ್ತ ಆತನೇ ಕವರು ಬಿಚ್ಚಿ ನನ್ನ ಮಕ್ಕಳಿಗೆ ತೊಡಿಸಿದ. ‘ಒಸಿ ಮಾಸ್ದಂಗೆ ನೋಡ್ಕಳ್ರವ್ವಾ’ ಅಂದ. ಮಕ್ಕಳು ಇಳಿದ ಮೇಲೆ ಒಂದೊಂದನ್ನೂ ತನ್ನ ಟವೆಲಿನಿಂದ ಒರೆಸಿ, ಮತ್ತೆ ಕವರಿಗೆ ತುಂಬಿ, ಬೀರುವಿಗಿಟ್ಟು ಬೀಗ ಹಾಕಿದ. ಹೊಸ ಕಾರಿನ ಸೀಟಿನ ಕವರು ವರ್ಷಗಟ್ಟಲೆ ಕೀಳದ ಜನ ನಾವು. ಅದಕ್ಕೇ ನನಗದು ತಮಾಷೆಯಾಗಿಯೇ ಕಂಡಿತು.

ಮಧ್ಯಾಹ್ನಕ್ಕೆ ನಾವು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನದ ಡಬ್ಬಿ ಮುಚ್ಚಿಸಿ, ಅಷ್ಟೂ ಮಕ್ಕಳಿಗೆ ಮನೆಯಿಂದ ಒತ್ತು ಶಾವಿಗೆ, ಕಾಯಿಹಾಲು ತರಿಸಿದ. ಕೈಯಾರೆ ಬಡಿಸಿದ. ‘ನಮ್ ನೀರ್ಗೆ ಬಂದೋರು ನಮ್ ನೆಂಟ್ರು’ ಅನ್ನುವುದು ಆತನ ಮಾತು. ಬರೀ ಬಾಯಿಮಾತಲ್ಲ, ಹಾಗೇ ನಡೆದುಕೊಳ್ಳುತ್ತಿದ್ದ. ವಯಸ್ಸಾದ ಹೆಂಗಸರು ದೋಣಿ ಹತ್ತುವಾಗ ಮೊಳಕಾಲುದ್ದ ನೀರಿಗಿಳಿದು ಕೈ ಕೊಡುತ್ತಿದ್ದ. ಕೂಲಿ ಹೆಂಗಸೊಬ್ಬಳು ಹೆರಿಗೆ ನೋವಿನಿಂದ ಒದ್ದಾಡುವಾಗ ತನ್ನ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ತಾನೇ ಓಡಿಸಿಕೊಂಡು ಹೋದದ್ದನ್ನು ಬೇರೆಯವರು ಹೇಳಿದರೇ ಹೊರತು ಆತ ಹೇಳಲಿಲ್ಲ. ನನಗೆ ಆತ ಇಷ್ಟವಾಗಿದ್ದ. ಈಗ ನೆನೆಸಿಕೊಂಡರೆ ಅಸಹ್ಯವಾಗುವುದು ಅದಕ್ಕೇ. ಕೆಟ್ಟವನಾಗಿದ್ದರೆ ಒಂದು ಸಲ ಉಗಿದು ಸುಮ್ಮನಾಗಬಹುದಿತ್ತು.

ಅಣೆಕಟ್ಟು ಕಟ್ಟಿದಾಗ ಆತನ ಅಪ್ಪನ ಗದ್ದೆ ನೀರಿನಡಿಗೆ ಹೋಗಿತ್ತು. ಎಲ್ಲಿ ಬದುವಿತ್ತು, ಎಲ್ಲಿ ಹುಣಸೇಮರವಿತ್ತು ಅನ್ನುವುದನ್ನು ಆತ ನಡುನೀರಿನಲ್ಲಿ ಬೆರಳು ಮಾಡಿ ತೋರಿಸುತ್ತಿದ್ದ. ‘ಈಗ ನಾವು ನಮ್ಮ ದೊಡ್ಡ ಗದ್ದೆ ಮ್ಯಾಲೆ ಓಯ್ತಾ ಇದೀವಿ ಕಣಮ್ಮಾ. ಕೆಳ್ಗೆ ನಮ್ಮಪ್ಪ ಉತ್ತಿದ್ದ ಮಣ್ಣದೆ. ಅದು ನಮ್ಮೋರ್ನ ಏನೂ ಮಾಡಾಕಿಲ್ಲ’ ಅನ್ನುತ್ತಿದ್ದ. ಪ್ರವಾಸಿಗರು ಇದನ್ನು ಕೇಳಿ ಮೂಕರಾಗಿ ವೀಡಿಯೋ ಮಾಡಿಕೊಳ್ಳುತ್ತಿದ್ದರು. ಗದ್ದೆ ಮುಳುಗಿಸಿದ ನೀರು ಮನುಷ್ಯರನ್ನು ಬಿಡುತ್ತದೆಯೇ ಅಂತ ಯಾರೂ ಕೇಳಿದ್ದು ಕಾಣೆ.

ಕೇಳಲು ಆತ ಬಿಡುತ್ತಲೂ ಇರಲಿಲ್ಲ ಅನ್ನಿ. ನಮ್ಮ ಕಡೆ ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತೇವೆ. ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಅದು ಮನೆಯೊಳಗೆ ಚಂದ. ಆತ ಅದನ್ನು ದೋಣಿಯ ದಡಕ್ಕೂ ತಂದಿದ್ದ. ಒಂದು ಸಲ ದೋಣಿ ಹತ್ತುವ ಮೊದಲು ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ದೋಣಿ ಮಗುಚಿದರೆ ಈಜಿ ದಡ ಸೇರ್ತೀನಿ ಅಂತ ಯಾರೂ ಹೊರಡಬಾರದು. ದೋಣಿಯ ಅಂಚನ್ನೇ ಗಟ್ಟಿಯಾಗಿ ಹಿಡ್ಕೊಂಡಿರಬೇಕು’ ಅಂತ ಹೇಳುತ್ತಿದ್ದೆ. ಆತ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದ.

‘ಬುಡ್ತು ಅನ್ನಿ ಮೇಡಮ್ಮಾರೇ! ಬುಡ್ತು ಅನ್ನಿ! ಒಳ್ಳೇ ಒತ್ನಾಗೆ ಎಂತಾ ಮಾತಾಡ್ತೀರಿ!’

ಮಕ್ಕಳು ಕಿಸಕ್ಕನೆ ನಕ್ಕು ‘ಬಿಡ್ತು’ ಅಂದರು. ಆತ ತನಗೆ ಸಮಾಧಾನವಾಗಲೆಂದು ಇನ್ನೊಂದು ಸಲ ಅನ್ನಿಸಿದ. ನಾನು ಹೇಳಬೇಕಾದದ್ದು ಅರ್ಧಕ್ಕೇ ನಿಂತಿತು. ದೋಣಿಯಲ್ಲಿ ಕೂತ ಮೇಲೆ ತಗ್ಗಿದ ದನಿಯಲ್ಲಿ, ಕದ್ದವಳ ಹಾಗೆ ಮುಗಿಸಿದೆ.

ಆ ಜಾಗದಲ್ಲಿ ಹಾಗೆ ಕೇಳಬಾರದ, ಕಾಣಬಾರದ ವಸ್ತುಗಳು ಬಹಳ ಇದ್ದವು. ನೀರಿನಲ್ಲಿ ಕೈಯೆತ್ತಿದ ಮನುಷ್ಯನ ಚಿತ್ರವಿದ್ದ ಎಚ್ಚರಿಕೆಯ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಅದರ ಬೆನ್ನಿನ ಮೇಲೆ ‘ಸುಸ್ವಾಗತ’ ಬರೆಸಿದ್ದ. ಬಿದ್ದವರಿಗೆ ಎಸೆಯಬೇಕಾದ ಟ್ಯೂಬು ದೋಣಿಯಲ್ಲಿರುವುದು ಬಿಟ್ಟು ಶೆಡ್ಡಿನೊಳಗೆ ದೇವರ ಪಟಗಳ ಮೇಲೆ ನೇತಾಡುತ್ತಿತ್ತು, ಚೆಂಡುಹೂವಿನ ಹಾರ ಸಮೇತ. ಎಷ್ಟು ಜನ ಕೂರಬಹುದು ಅಂತ ದೋಣಿಯ ಪಕ್ಕೆಯಲ್ಲಿ ಬರೆದಿದ್ದ ಅಂಕಿಯ ಮೇಲೆ ಲಕ್ಷ್ಮಿಯ ಚಿತ್ರ ಅಂಟಿಸಿದ್ದ. ಬಂದ ನೆಂಟರನ್ನು ಎಣಿಸಬಾರದಂತೆ. ಕ್ಯಾಂಪು ನಡೆಸುವ ಟೀಚರುಗಳಿಗೆ ಕೊಡುವ ತರಬೇತಿಗೆ ನಾನು ಹೋಗಿ ಬಂದಿದ್ದೆ. ಏನಿರಬೇಕು, ಎಲ್ಲಿರಬೇಕು ಅನ್ನುವುದು ನನಗೆ ಗೊತ್ತಿತ್ತು. ಹೇಳಿದೆ ಕೂಡ. ಹೇಳಿದಾಗಲೆಲ್ಲ ಆತ ಎದೆಯ ಮೇಲೆ ಕೈಯಿಟ್ಟು, ‘ಆಯ್ತು ಮೇಡಮ್ಮಾರೇ, ನೀವ್ ಯೋಳಿದ್ಮೇಲೆ ಮುಗೀತು’ ಅನ್ನುತ್ತಿದ್ದ. ನಿಜಕ್ಕೂ ಅಲ್ಲಿಗೆ ಮುಗಿಯುತ್ತಿತ್ತು.

ತಪಾಸಣೆಗೆ ಅಧಿಕಾರಿಗಳು ಬರುತ್ತಿರಲಿಲ್ಲ ಅಂತಲ್ಲ. ಬಂದಾಗ ಬೀರುವಿನ ಬಾಗಿಲು ತೆರೆಯುತ್ತಿತ್ತು. ಸಾಹೇಬರು ಹೊಸ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದೇ ಸಾಹೇಬರು ಭಾನುವಾರ ಸಂಸಾರ ಸಮೇತ ಬಂದರೆ ಹಾಗೇ ಹತ್ತುತ್ತಿದ್ದರು. ಹೆಂಡತಿಯ ರೇಷ್ಮೆ ಸೀರೆಯ ಸೆರಗು ಮುದುಡಬಾರದಲ್ಲ.

ಆತನ ಅಂಬಿಗರಲ್ಲಿ ರಂಗಸ್ವಾಮಿ ಅಂತ ಒಬ್ಬನಿದ್ದ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಜಯಮ್ಮನ ಗಂಡ. ಸಣಕಲು ಮೈ, ಕಡಿಮೆ ಮಾತು. ನನ್ನ ಮಕ್ಕಳ ದೋಣಿಗೆ ಅವನೇ ಬೇಕು ಅಂತ ಕೇಳುತ್ತಿದ್ದೆ. ಹುಟ್ಟು ಹಾಕುವವನೂ ಜಾಕೆಟ್ ತೊಡಬೇಕು ಅನ್ನುವುದು ನಿಯಮ. ಒಮ್ಮೆ ನಾನು ಹಟ ಹಿಡಿದು ಅವನಿಗೂ ಒಂದನ್ನು ತೊಡಿಸಿದೆ. ಹೊಸ ಸೊಸೆಯ ಹಾಗೆ ನಾಚಿಕೊಂಡು ತೊಟ್ಟ. ನನ್ನ ಮಕ್ಕಳನ್ನು ಸುತ್ತಾಡಿಸಿ ತಂದು ದಡಕ್ಕೆ ಬಿಟ್ಟ. ಅವರಿಳಿದ ಮೇಲೆ ಯಾವುದೋ ಊರಿನ ಒಂದು ಸಂಸಾರ ಹತ್ತಲು ಬಂತು. ಮೀಸೆಯ ಮನುಷ್ಯನೊಬ್ಬ ಅವನನ್ನು ಮೇಲಿಂದ ಕೆಳಗೆ ನೋಡಿ, ‘ಏನಪ್ಪಾ, ನಿಂಗೇ ಈಜು ಬರಲ್ವಾ?’ ಅಂದ. ಇಟ್ಟ ಕಾಲು ಹಿಂದಕ್ಕೆ ತೆಗೆದ.

ಅಣ್ಣೋರು ಶೆಡ್ಡಿನಿಂದ ಓಡಿ ಬಂದರು. ‘ಬಿಚ್ಲಾ ಅದ್ನ! ದೋಣಿ ನಡ್ಸೋನೇ ಎದ್ರುಕಂಡಂಗೆ ಕುಂತಿದ್ರೆ ನೆಂಟ್ರು ಎಂಗ್ಲಾ ಅತ್ತಾರು?’

ರಂಗಸ್ವಾಮಿ ನನ್ನ ಮುಖವನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ ಬಿಚ್ಚಿ ಕೊಟ್ಟ. ನಾನು ಅಲ್ಲೇ ನಿಂತು ಜಗಳ ತೆಗೆದೆ. ಆತ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಅನ್ನುವುದು ಆತನಿಗೆ ಬರುತ್ತಲೇ ಇರಲಿಲ್ಲ. ‘ಮೇಡಮ್ಮಾರೇ, ರಂಗ ನೀರ್ನಾಗೇ ಉಟ್ಟೋನು. ಮೀನ್ಗೆ ಯಾರಾನಾ ಜಾಕೆಟ್ ಆಕ್ತಾರಾ?’ ಅಂದ. ದಡದಲ್ಲಿದ್ದವರೆಲ್ಲ ಗೊಳ್ಳೆಂದರು. ಮೀಸೆಯ ಮನುಷ್ಯ ನಗುತ್ತಲೇ ದೋಣಿ ಹತ್ತಿದ. ರಂಗಸ್ವಾಮಿಯೂ ನಕ್ಕ. ಆಮೇಲೆ ಅದೇ ಕಾನೂನಾಯಿತು. ಪೀಟಿ ಮಿಸ್ ಬಂದಾಗ ಜಾಕೆಟ್, ಮಿಕ್ಕ ದಿನ ಬರೀ ಮೈ.

‘ನೀವು ಬಂದ್ರೆ ಮಾತ್ರ ಆಕ್ಕತ್ತಾರಂತೆ ಮಿಸ್ಸು’ ಅಂತ ಜಯಮ್ಮ ಒಂದು ದಿನ ಸೊಪ್ಪು ಸೋಸುತ್ತ ಅಂದಳು. ‘ದಿನಾ ನೀವೇ ಓಗ್ಬಾರ್ದಾ?’

ಅದಾದ ಮೇಲೆ ಒಂದು ಭಾನುವಾರ ಚನ್ನರಾಯಪಟ್ಟಣದ ಕಡೆಯ ಒಂದು ಗುಂಪು ಬೀಗರೂಟ ಮುಗಿಸಿಕೊಂಡು ಟೆಂಪೋದಲ್ಲಿ ಬಂತು. ಹೊಟ್ಟೆ ತುಂಬ ಬಾಡೂಟ, ಮೈತುಂಬ ಒಡವೆ. ಎಲ್ಲರೂ ಒಂದೇ ದೋಣಿಯಲ್ಲಿ ಕೂರಬೇಕು, ಬೀಗರನ್ನು ಬೇರೆ ಮಾಡಬಾರದು ಅಂದರಂತೆ. ಅಣ್ಣೋರು ಇಲ್ಲ ಅನ್ನಲಿಲ್ಲ. ಯಾರಿಗೂ ಯಾವತ್ತೂ ಇಲ್ಲ ಅಂದವರಲ್ಲವಲ್ಲ. ನಡುನೀರಿನಲ್ಲಿ ಫೋಟೋಕ್ಕೆಂದು ಎಲ್ಲರೂ ಒಂದೇ ಬದಿಗೆ ವಾಲಿದರು. ದೋಣಿ ಮಗುಚಿತು. ರಂಗಸ್ವಾಮಿ ಒಬ್ಬೊಬ್ಬರನ್ನೇ ತಳ್ಳಿ ತಂದು ದೋಣಿಯ ಅಂಚು ಹಿಡಿಸಿದ. ದಡದಿಂದ ಇನ್ನೊಂದು ದೋಣಿ ಬರುವವರೆಗೆ ಅವರನ್ನು ಉಳಿಸಿದವನು ಅವನು. ಕೊನೆಯಲ್ಲಿ ಗಾಬರಿಬಿದ್ದ ಹೆಂಗಸೊಬ್ಬಳು ಅವನ ಕುತ್ತಿಗೆಗೇ ಜೋತುಬಿದ್ದಳು. ಅವಳನ್ನೂ ಎತ್ತಿ ಕೊಟ್ಟ. ಕೊಟ್ಟವನು ಮೇಲೆ ಬರಲಿಲ್ಲ. ಮಾರನೆಯ ದಿನ ಸಿಕ್ಕಿದ.

ಬಂದ ಬೀಗರಲ್ಲಿ ಒಬ್ಬರೂ ಅವನ ಮಣ್ಣಿಗೆ ಬರಲಿಲ್ಲ. ನೀರಿಗೆ ಬಿದ್ದ ಒಡವೆ ಹುಡುಕಿಕೊಡಿ ಅಂತ ಮಾತ್ರ ಫೋನು ಮಾಡಿದ್ದರಂತೆ. ಥೂ.

ವಿಚಾರಣೆಗೆ ಅಂತ ಅಧಿಕಾರಿಗಳು ಬಂದರು. ಬೀರು ತೆರೆಯಿತು. ಹೊಚ್ಚ ಹೊಸ ಜಾಕೆಟ್ಟುಗಳು, ಒಂದಕ್ಕೂ ಕಲೆಯಿಲ್ಲ, ಬಕಲುಗಳು ಟಕ್ಕನೆ ಕೂರುತ್ತವೆ. ಉಪಕರಣಗಳು ಗುಣಮಟ್ಟಕ್ಕೆ ತಕ್ಕಂತೆ ಸುಸ್ಥಿತಿಯಲ್ಲಿವೆ ಅಂತ ಬರೆದುಕೊಂಡರು. ಸುಸ್ಥಿತಿಯಲ್ಲಿರದೆ ಏನಾಗುತ್ತದೆ, ಯಾರಾದರೂ ಮುಟ್ಟಿದ್ದರೆ ತಾನೆ? ‘ಜಾಕೆಟ್ ಇಲ್ಲೇ ಇತ್ತು ಸ್ವಾಮೀ, ಅವ್ನೇ ಆಕ್ಕಳ್ನಿಲ್ಲ’ ಅಂತ ಆತ ಹೇಳಿದ. ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ನಾಟಕವಲ್ಲ. ನಾಟಕವಾಗಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಅಂಬಿಗನ ಸ್ವಂತ ನಿರ್ಲಕ್ಷ್ಯ ಅಂತ ತೀರ್ಮಾನವಾಯಿತು. ವಾರ ಕಳೆಯುವುದರೊಳಗೆ ಊರಿನಲ್ಲಿ, ಕುಡಿದಿದ್ದನಂತೆ ಅನ್ನುವ ಮಾತೂ ಹುಟ್ಟಿಕೊಂಡಿತು.

ನಾನು ಹಾಸನಕ್ಕೆ, ಆ ಅಧಿಕಾರಿಗಳ ಕಚೇರಿಗೆ ಹೋಗಿ, ಜಾಕೆಟ್ ಬಿಚ್ಚಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ ಅಂತ ಹೇಳಿದೆ. ಮೇಜಿನ ಹಿಂದಿದ್ದವರು ಕೂರಿಸಿ, ನೀರು ಕೊಟ್ಟು, ನಕ್ಕರು. ‘ನೀವು ಕಂಡಿದ್ದು ಆವತ್ತಲ್ಲವಲ್ಲ ಮೇಡಂ. ಇರ್ಲಿ ಬಿಡಿ, ಆ ಯಜಮಾನರೇ ಆ ಸಂಸಾರನ ನೋಡ್ಕೋತಾ ಇದಾರೆ’ ಅಂದರು.

ಅದೂ ಸುಳ್ಳಲ್ಲ. ಜಯಮ್ಮನ ಮನೆಗೆ ಅಕ್ಕಿ ರಾಗಿ ಬಂತು. ರಂಗಸ್ವಾಮಿಯ ಫೋಟೋಕ್ಕೆ ಆತನೇ ಗಾಜು ಹಾಕಿಸಿ ತಂದುಕೊಟ್ಟ. ತಿಥಿಯ ದಿನ ಎಲೆಯ ಮುಂದೆ ನಿಂತು ಬಡಿಸಿದ. ಎಲ್ಲಕ್ಕಿಂತ ದೊಡ್ಡ ಉಪಕಾರ ಅಂತ ಊರು ಹೊಗಳಿದ್ದು ಏನೆಂದರೆ, ರಂಗಸ್ವಾಮಿಯ ತಮ್ಮ ಶಿವಣ್ಣನನ್ನು ಅದೇ ದೋಣಿಗೆ ಕೆಲಸಕ್ಕೆ ಹಾಕಿಕೊಂಡ. ಶಿವಣ್ಣ ಕೂತದ್ದು ಅದೇ ಹಲಗೆಯ ಮೇಲೆ, ಬರೀ ಬನಿಯನ್ನಿನಲ್ಲಿ.

ಆಗ ನಾನು ಆತನ ಮನೆಗೇ ಹೋದೆ. ಜಗಲಿಯ ಮೇಲೆ ಕೂರಿಸಿ, ಕಾಫಿ ತರಿಸಿದ. ನಾನು ಮುಟ್ಟಲಿಲ್ಲ.

‘ಅವನ ಜಾಕೆಟ್ ಬಿಚ್ಚಿಸಿದ್ದು ನೀವು’ ಅಂದೆ.

‘ತಮ್ಮನಂಗೆ ನೋಡ್ಕಂಡಿದ್ದೆ ಮೇಡಮ್ಮಾರೇ. ಅವ್ನ ಅಣೇಲಿ ಬರ್ದಿತ್ತು.’

‘ಹಣೆಯಲ್ಲಲ್ಲ, ನಿಮ್ಮ ಬಾಯಲ್ಲಿತ್ತು. ಬಿಚ್ಲಾ ಅಂದಿರಿ, ಬಿಚ್ಚಿದ. ಈಗ ಶಿವಣ್ಣನಿಗೂ ಹಾಗೇ ಮಾಡ್ತಾ ಇದೀರಿ.’

ಆತ ಕಾಫಿ ಲೋಟವನ್ನು ನನ್ನ ಕಡೆ ಸರಿಸಿದ. ಆಮೇಲೆ ಮೊದಲ ಸಲ ನೆಂಟಸ್ತಿಕೆಯ ನಗುವಿಲ್ಲದೆ ಮಾತಾಡಿದ. ‘ನೀವು ಓದ್ದೋರು, ನಿಮ್ಗೆ ರೂಲ್ಸ್ ಗೊತ್ತು. ನಂಗೆ ಜನ ಗೊತ್ತು. ಜಾಕೆಟ್ ಆಕ್ಕಂಡಿರೋ ಅಂಬಿಗನ ದೋಣಿ ಯಾರೂ ಅತ್ತಾಕಿಲ್ಲ. ನೀವು ಅತ್ತೀರಾ?’

‘ಹತ್ತುತ್ತೀನಿ.’

‘ನೀವು ಒಬ್ರು’ ಅಂದ. ಕಾಫಿ ಆರುತ್ತಿದೆ, ಕುಡಿಯಿರಿ ಅಂತ ಲೋಟವನ್ನು ಮತ್ತೆ ನನ್ನ ಕಡೆ ಸರಿಸಿದ. ಎಂಥ ನಿರ್ಲಜ್ಜ ಮನುಷ್ಯ, ತನ್ನ ತಪ್ಪನ್ನು ಊರಿನ ಜನರ ತಲೆಗೆ ಕಟ್ಟುತ್ತಿದ್ದಾನೆ ಅಂತ ಬೈದುಕೊಂಡು ಎದ್ದು ಬಂದೆ.

ಅಂದಿನಿಂದ ಜಯಮ್ಮನಿಗೆ ಒಂದೇ ಚಿಂತೆ. ಗಂಡ ಹೋದ, ಮೈದುನನಾದರೂ ಉಳಿಯಬೇಕು. ‘ಇವ್ನಿಗಾದ್ರೂ ಒಂದು ಜಾಕೆಟ್ ಆಕ್ಸಿ ಅಣ್ಣಾ’ ಅಂತ ಕಂಡಾಗಲೆಲ್ಲ ಕೇಳುತ್ತಿದ್ದಳು. ಆತ ಎದೆಯ ಮೇಲೆ ಕೈಯಿಟ್ಟು ‘ಆಯ್ತು ಕಣವ್ವಾ’ ಅನ್ನುತ್ತಿದ್ದ. ಶಿವಣ್ಣನನ್ನು ಕೇಳಿದರೆ, ‘ಅತ್ಗೆ, ನಾನ್ ಆಕ್ಕಂಡ್ರೆ ಕೆಲ್ಸದಿಂದ ತಗುದ್ಬುಡ್ತಾರೆ’ ಅನ್ನುತ್ತಿದ್ದ. ಅಣ್ಣೋರು ಸಾಯುವವರೆಗೂ ಇದು ಹೀಗೇ ನಡೆಯಿತು. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲವಂತೆ. ಪುಣ್ಯವಂತರ ಸಾವು ಅಂತ ಎಲ್ಲರೂ ಅಂದರು.

ನುಡಿನಮನಕ್ಕೆ ಶಾಮಿಯಾನ ಸಾಲದಷ್ಟು ಜನ. ಒಬ್ಬೊಬ್ಬರೂ ಆತನ ಅನ್ನದ ಋಣ ಹೇಳಿದರು. ಹೊಳೆನರಸೀಪುರದಿಂದ ಬಂದಿದ್ದ, ಜರಿ ಶಲ್ಯದ ಮುಖಂಡರೊಬ್ಬರು ಎಲ್ಲರಿಗಿಂತ ಉದ್ದ ಮಾತಾಡಿ, ಕಣ್ಣೊರೆಸಿಕೊಂಡು ಕೂತರು. ನನ್ನ ಸರದಿ ಬಂದಾಗ ಶಾವಿಗೆಯ ಮಾತು ಹೇಳಿದೆ, ಜೀಪಿನ ಮಾತು ಹೇಳಿದೆ. ‘ಇದೇ ನೀರಿನಲ್ಲಿ ಜನರನ್ನು ಉಳಿಸಿ ಪ್ರಾಣ ಬಿಟ್ಟ ರಂಗಸ್ವಾಮಿಗೂ ಒಂದು ನಿಮಿಷ ಎದ್ದು ನಿಲ್ಲೋಣ. ಅವನ ಜಾಕೆಟ್ಟನ್ನು...’ ಅ‌ನ್ನುವಷ್ಟರಲ್ಲಿ ನಿರೂಪಕ ಮೈಕು ತೆಗೆದುಕೊಂಡ. ‘ಮೇಡಂನೋರು ತುಂಬಾ ಭಾವುಕರಾಗಿದಾರೆ’ ಅಂದ. ಜನ ಚಪ್ಪಾಳೆ ತಟ್ಟಿದರು. ನುಡಿನಮನದಲ್ಲಿ ಚಪ್ಪಾಳೆ!

ಕೊನೆಗೆ ಆತನ ಮಗ ಎದ್ದು, ಅಪ್ಪಾಜಿಯ ಹಾದಿಯಲ್ಲೇ ನಡೆಯುತ್ತೇನೆ ಅಂದ. ಅವರ ಸವಿನೆನಪಿಗೆ ಇವತ್ತು ಎಲ್ಲರಿಗೂ ಉಚಿತ ಬೋಟಿಂಗ್ ಅಂದ. ಮೌನಾಚರಣೆಗೆ ಮಂಡಿನೋವು ಅಂತ ಕೂತೇ ಇದ್ದವರೂ ದಡಕ್ಕೆ ಓಡಿದರು. ಎರಡು ದೋಣಿ ನಿಂತಿದ್ದವು. ಶಿವಣ್ಣನ ದೋಣಿ ಮೊದಲು ತುಂಬಿತು. ಮುಂದಿನ ಹಲಗೆಯಲ್ಲಿ ಜರಿ ಶಲ್ಯದ ಮುಖಂಡರು, ಅವರ ಹೆಂಡತಿ. ಹಿಂದೆ ಮಕ್ಕಳು, ಮರಿ, ನೆಂಟರು.

ಜಯಮ್ಮ ಎಲ್ಲಿದ್ದಳೋ, ಸೀರೆ ಎತ್ತಿಕಟ್ಟಿ ನೀರಿಗಿಳಿದು ದೋಣಿಯ ಹಗ್ಗ ಹಿಡಿದುಕೊಂಡಳು.

‘ಶಿವಣ್ಣಂಗೆ ಒಂದು ಜಾಕೆಟ್ ಕೊಡಿ. ಆಮೇಕೆ ಅಗ್ಗ ಬಿಡ್ತೀನಿ.’

‘ಜಯಕ್ಕಾ, ಇವತ್ತು ಅಪ್ಪಾಜಿ ದಿನ, ಗಲಾಟೆ ಬ್ಯಾಡ’ ಅಂದ ಮಗ.

‘ಗಲಾಟೆ ಎಲ್ಮಾಡ್ದೆ ಕಣಪ್ಪಾ. ಜಾಕೆಟ್ ಕೇಳ್ದೆ.’

ಅಷ್ಟು ಜನರೆದುರಿಗೆ ಮಗನಿಗೆ ಬೇರೆ ದಾರಿಯಿರಲಿಲ್ಲ. ಶೆಡ್ಡಿಗೆ ಹೋಗಿ ಒಂದನ್ನು ತಂದು ದೋಣಿಯೊಳಕ್ಕೆ ಎಸೆದ. ಶಿವಣ್ಣ ಅತ್ತಿಗೆಯ ಮುಖ ನೋಡಿದ. ತೊಟ್ಟುಕೊಂಡು ಮೂರೂ ಬಕಲು ಹಾಕಿದ. ನನ್ನ ಎದೆ ತುಂಬಿ ಬಂತು ಅಂತ ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಷ್ಟು ವರ್ಷಕ್ಕೆ ಒಂದು ಕೆಲಸ ಆಯಿತಲ್ಲ ಅಂದುಕೊಂಡೆ.

ಮುಖಂಡರು ಶಿವಣ್ಣನನ್ನು ನೋಡಿದರು, ನೀರನ್ನು ನೋಡಿದರು. ‘ಯಾಕಪ್ಪಾ, ಈ ದೋಣೀಲಿ ಏನಾರಾ ತೊಂದ್ರೆ ಐತಾ?’ ಅಂದರು.

‘ಏನೂ ಇಲ್ಲ ಸಾ’ ಅಂದ ಶಿವಣ್ಣ.

‘ಮತ್ತೆ ನೀನ್ಯಾಕ್ ಆಕ್ಕಂಡೆ?’

ಅವರ ಹೆಂಡತಿ ಆಗಲೇ ಎದ್ದು ನಿಂತಿದ್ದರು. ‘ಬನ್ರೀ, ಆ ದೋಣಿಗೋಗವಾ’ ಅಂದರು. ಅವರು ಇಳಿದರು, ಅವರ ಹಿಂದೆ ಮಕ್ಕಳನ್ನು ಎತ್ತಿಕೊಂಡು ಇನ್ನೊಬ್ಬರು, ಆಮೇಲೆ ಎಲ್ಲರೂ. ನಮಗೂ ಜಾಕೆಟ್ ಕೊಡಿ ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ. ಪಕ್ಕದ ದೋಣಿಯಲ್ಲಿ ಹರಕು ಬನಿಯನ್ನಿನ ಅಂಬಿಗನಿದ್ದ. ಅವನನ್ನು ಕಂಡು ಅವರಿಗೆ ಧೈರ್ಯ ಬಂತು. ಅಷ್ಟರಲ್ಲಿ ತಾನೂ ತುಂಬಿದ್ದ ಆ ದೋಣಿಗೆ ಒತ್ತರಿಸಿಕೊಂಡು ಹತ್ತಿದರು, ತೊಡೆಯ ಮೇಲೆ ಮಕ್ಕಳು. ದೋಣಿಯ ಅಂಚಿಗೂ ನೀರಿಗೂ ಗೇಣು ಜಾಗ ಇರಲಿಲ್ಲ. ಅಣ್ಣೋರಿಗೆ ಜೈಕಾರ ಹಾಕುತ್ತ ಹೊರಟರು. ಒಂದು ಸುತ್ತು ಹೋಗಿ ವಾಪಸ್ಸು ಬಂದರು. ಏನೂ ಆಗಲಿಲ್ಲ. ಇಳಿಯುವಾಗ ನಮ್ಮ ಕಡೆ ನೋಡಿ ನಕ್ಕರು. ಆಮೇಲೆ ಇನ್ನೊಂದು ಗುಂಪು ಅದೇ ದೋಣಿಗೆ ಸಾಲು ನಿಂತಿತು.

ಆತನನ್ನು ಇಷ್ಟು ವರ್ಷ ಬೈದುಕೊಂಡು ಬಂದವಳು ನಾನು. ಈಗಲೂ ಬೈಯುತ್ತೇನೆ. ಗೊತ್ತಿದ್ದೂ ಬಿಚ್ಚಿಸಿದವನನ್ನು ಬೈಯದೆ ಇನ್ನೇನು ಮಾಡಲಿ. ಆದರೆ ಆತ ನಮ್ಮ ಬಗ್ಗೆ ಹೇಳಿದ್ದು ನಿಜವಾಗಿತ್ತು. ಆ ದಡದಲ್ಲಿ ನಿಂತು ನನಗಾದ ಹೇಸಿಗೆಗೆ ಆತನೊಬ್ಬನೇ ಕಾರಣ ಅನ್ನಲು ಇನ್ನು ಆಗುವುದಿಲ್ಲ.

ನಾನು ಹೋಗಿ ಶಿವಣ್ಣನ ದೋಣಿಯಲ್ಲಿ ಕೂತೆ. ಅವನು ನನ್ನೊಬ್ಬಳನ್ನು ನೋಡಿದ, ಆಚೆಯ ಸಾಲನ್ನು ನೋಡಿದ, ಅದರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಮಗನನ್ನು ನೋಡಿದ. ಅವನ ಕೈ ಮೆಲ್ಲಗೆ ಎದೆಯ ಬಕಲಿಗೆ ಹೋಯಿತು. ನೀರಿನಲ್ಲೇ ನಿಂತಿದ್ದ ಜಯಮ್ಮ ಆ ಕೈಯ ಮೇಲೆ ಪಟ್ಟನೆ ಒಂದು ಕೊಟ್ಟಳು.

‘ಇರ್ಲಿ. ಯಾರೂ ಅತ್ತದಿದ್ರೆ ಬರೀ ದೋಣೀನೇ ಇರ್ಲಿ’ ಅಂದಳು.